ನೆಗಡಿಗೆ ‘ಎ’ ಇದೆ, ಉಬ್ಬಸಕ್ಕೆ ಇಲ್ಲ

‘ಮೇಡಂ, ನೆಗಡಿಗೆ ಎ ಹಾಕ್ತೀವಿ. ನ್ಯುಮೋನಿಯಾಗೆ ಯಾಕೆ ಹಾಕಲ್ಲ? ನ್ಯುಮೋನಿಯಾ ಇನ್ನೂ ದೊಡ್ಡ ಕಾಯಿಲೆ ಅಲ್ವಾ?’

2025ರ ಜುಲೈ ತಿಂಗಳ ಒಂದು ಸಂಜೆ ನನ್ನ ಕ್ಲಾಸಿನ ಹುಡುಗಿ ಕೇಳಿದ ಪ್ರಶ್ನೆ ಇದು. ಎ ಅಂದರೆ ಇಂಗ್ಲಿಷಿನಲ್ಲಿ ‘ಒಂದು’ ಅನ್ನೋ ಅರ್ಥದಲ್ಲಿ ಪದದ ಮುಂದೆ ಹಾಕುವ ‘a’. ಹಾಸನದ ಬಿ.ಎಂ. ರಸ್ತೆಯ ಪಕ್ಕ ಮಹಡಿ ಮೇಲಿನ ಒಂದು ಕೋಣೆಯಲ್ಲಿ ನಾನು ನರ್ಸಿಂಗ್ ಓದಿದವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಸಂಜೆ ಆರರಿಂದ ಎಂಟು. ಅರಸೀಕೆರೆ, ಆಲೂರು, ಬೇಲೂರು, ಹೊಳೆನರಸೀಪುರದ ಕಡೆಯ ಮಕ್ಕಳು. ಹಗಲು ಡ್ಯೂಟಿ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಬಂದು ಕೂರುತ್ತಾರೆ. ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು ಅನ್ನೋ ಆಸೆ ಅವರಿಗೆ. ಅದಕ್ಕೆ ಒಇಟಿ ಅನ್ನೋ ಪರೀಕ್ಷೆ ಪಾಸಾಗಬೇಕು. ಡಾಕ್ಟರು, ನರ್ಸುಗಳಂಥವರಿಗೆ ಅಂತಲೇ ಇರುವ ಇಂಗ್ಲಿಷ್ ಪರೀಕ್ಷೆ ಅದು. ಎದುರಿಗೆ ಕೂತವರು ರೋಗಿಯ ಹಾಗೆ ಮಾತಾಡುತ್ತಾರೆ, ನೀವು ನರ್ಸಾಗಿ ಉತ್ತರ ಕೊಡಬೇಕು. ಹೀಗೆ ಐದೈದು ನಿಮಿಷದ ಎರಡು ಮಾತುಕತೆ. ಆಮೇಲೆ ರೋಗಿಯ ಟಿಪ್ಪಣಿ ಓದಿ 180ರಿಂದ 200 ಪದಗಳ ಪತ್ರ ಬರೆಯಬೇಕು. ಕಾಯಿಲೆಯ ಹೆಸರಿಲ್ಲದೆ ಒಂದು ಸಾಲೂ ಮುಂದೆ ಹೋಗಲ್ಲ.

ಅವತ್ತು ನಾನು ಕೊಟ್ಟ ಉತ್ತರ ಇಷ್ಟೇ. ‘ನ್ಯುಮೋನಿಯಾ ಅನ್‌ಕೌಂಟಬಲ್ ಕಣಮ್ಮ, ಅಂದರೆ ಎಣಿಸೋಕಾಗದ್ದು, ಅದಕ್ಕೆ ಹಾಕಲ್ಲ.’ ಅವಳು ತಲೆಯಾಡಿಸಿ ನೋಟ್ಸಿನಲ್ಲಿ ಬರೆದುಕೊಂಡಳು. ಆದರೆ ಅದು ಉತ್ತರ ಅಲ್ಲ. ಎ ಯಾಕೆ ಹಾಕಲ್ಲ? ಅನ್‌ಕೌಂಟಬಲ್ ಆದ್ದರಿಂದ. ಅದು ಅನ್‌ಕೌಂಟಬಲ್ ಅಂತ ಹೇಗೆ ಗೊತ್ತು? ಎ ಹಾಕಲ್ಲವಲ್ಲ, ಅದರಿಂದ. ಗಾಣದೆತ್ತಿನ ಹಾಗೆ ಸುತ್ತಿ ಅದೇ ಜಾಗಕ್ಕೆ ಬಂದು ನಿಲ್ಲುವ ಮಾತು. ಕೋಣೆಯ ಬೀಗ ಹಾಕಿ ಮನೆಗೆ ನಡೆಯುವಾಗಲೂ ಆ ಪ್ರಶ್ನೆ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ದೊಡ್ಡ ಕಾಯಿಲೆಗೆ ಇಲ್ಲದ ‘ಒಂದು’ ಚಿಕ್ಕ ನೆಗಡಿಗೆ ಯಾಕೆ?

ನಮಗೆಲ್ಲ ಇಂಗ್ಲಿಷಿನಲ್ಲಿ ಮೊದಲು ಬಂದ ಕಾಯಿಲೆ ಜ್ವರ. ಹೈಸ್ಕೂಲಿನ ರಜಾ ಅರ್ಜಿ ನೆನಪಿದೆ ತಾನೆ? ‘ಆ್ಯಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್...’ ಅಂತ ಶುರು. ಹಲ್ಲು ನೋವಿದ್ದರೂ, ಅಕ್ಕನ ಮದುವೆ ಇದ್ದರೂ ಅರ್ಜಿಯಲ್ಲಿ ಮಾತ್ರ ಫೀವರ್. ಆ ಸಾಲಿನಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಎರಡು ದಿನ ಮೈ ಬಿಸಿಯಾದವರು ಇಂಗ್ಲಿಷಿನಲ್ಲಿ ಹಾಗೆ ಹೇಳಲ್ಲ. ‘ಐ ಹ್ಯಾವ್ ಎ ಫೀವರ್’ ಅಂತಾರೆ. ಬ್ರಿಟನ್ನಿನವರು ‘ಐ ಹ್ಯಾವ್ ಗಾಟ್ ಎ ಟೆಂಪರೇಚರ್’ ಅಂತಲೂ ಹೇಳುತ್ತಾರೆ. ಟೆಂಪರೇಚರ್ ಎಲ್ಲರ ಮೈಯಲ್ಲೂ ಇರುತ್ತೆ. ಅದಕ್ಕೊಂದು ಎ ಸೇರಿದರೆ ಅದು ಜ್ವರ.

ನಮ್ಮ ಅರ್ಜಿಯಲ್ಲಿ ಆ ಎ ಇರಲಿಲ್ಲ. ಹಾಗಾಗಿ ನಮ್ಮ ಬಾಯಲ್ಲೂ ಅದು ಕೂರಲಿಲ್ಲ. ಮೇಲಾಗಿ ಇಂಗ್ಲಿಷಿನ ಕಾಯಿಲೆಗಳೆಲ್ಲ ಈಗ ಕನ್ನಡದ ಒಳಗೇ ಬಂದು ಕೂತಿವೆ. ಫೀವರ್ ಬಂದಿದೆ, ಕೋಲ್ಡ್ ಆಗಿದೆ, ಲೂಸ್ ಮೋಷನ್ ಆಗ್ತಿದೆ. ಕನ್ನಡಕ್ಕೆ ಬರುವಾಗ ಎ ಅನ್ನೋದನ್ನ ಹೊಸ್ತಿಲಾಚೆ ಬಿಟ್ಟು ಬಂದಿವೆ. ವಾಪಸ್ ಇಂಗ್ಲಿಷಿಗೆ ಕಳಿಸುವಾಗ ನಾವು ಅದನ್ನು ಮತ್ತೆ ಎತ್ತಿ ಕೊಡಬೇಕು. ಮರೆಯುತ್ತೇವೆ. ‘ಐ ಆಮ್ ಹ್ಯಾವಿಂಗ್ ಕೋಲ್ಡ್’ ಅಂತೀವಿ.

ಇದು ಪರೀಕ್ಷೆಯ ಅಂಕದ ಪ್ರಶ್ನೆ ಮಾತ್ರ ಅಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೊರದೇಶದ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದ್ದಳು. ಮೊದಲ ವಾರ. ರಾತ್ರಿ ಪಾಳಿ. ಅಜ್ಜ ಒಬ್ಬರು ‘ಐ ಆಮ್ ಕೋಲ್ಡ್’ ಅಂದರಂತೆ. ಇವಳು ಗಂಟಲು ನೋಡಿದಳು, ಮೂಗು ಕಟ್ಟಿದೆಯಾ ಕೇಳಿದಳು, ಜ್ವರ ನೋಡಿದಳು. ಅವರು ಮತ್ತೆ ಮತ್ತೆ ಅದನ್ನೇ ಹೇಳಿದರು. ಅವರಿಗೆ ಬೇಕಾಗಿದ್ದು ಇನ್ನೊಂದು ಕಂಬಳಿ. ‘ಐ ಹ್ಯಾವ್ ಎ ಕೋಲ್ಡ್’ ಅಂದರೆ ನೆಗಡಿ. ‘ಐ ಆಮ್ ಕೋಲ್ಡ್’ ಅಂದರೆ ಚಳಿ. ನಮ್ಮಲ್ಲಿ ಅದಕ್ಕೂ ಇದಕ್ಕೂ ಬೇರೆ ಬೇರೆ ಮಾತಿದೆ. ಶೀತ, ಥಂಡಿ ಅನ್ನುವಾಗ ಮಾತ್ರ ಎರಡೂ ಸ್ವಲ್ಪ ಬೆರೆಯುತ್ತವೆ. ಅವಳು ಫೋನಿನಲ್ಲಿ ಇದನ್ನ ಹೇಳುವಾಗ ಅಳುತ್ತಿದ್ದಳು. ‘ಹತ್ತು ನಿಮಿಷ ಆ ತಾತನ್ನ ಚಳೀಲಿ ನಡುಗಿಸಿಬಿಟ್ಟೆ ಮೇಡಂ’ ಅಂದಳು. ಅದಾದ ಮೇಲೆ ಎ ಅನ್ನೋ ಒಂದಕ್ಷರವನ್ನ ನಾನು ಹಗುರವಾಗಿ ತಗೊಂಡಿಲ್ಲ.

ಆ ಜುಲೈ ರಾತ್ರಿ ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆದೆ. ಒಂದು ಕಡೆ ಎ ಬರುವ ಕಾಯಿಲೆ, ಇನ್ನೊಂದು ಕಡೆ ಬಾರದವು. ಎಡಗಡೆ: ಎ ಕೋಲ್ಡ್, ಎ ಕಾಫ್, ಎ ಫೀವರ್, ಎ ಹೆಡೇಕ್, ಎ ಸೋರ್ ತ್ರೋಟ್, ಎ ರ‍್ಯಾಶ್. ಬಲಗಡೆ: ನ್ಯುಮೋನಿಯಾ, ಮಲೇರಿಯಾ, ಟೈಫಾಯ್ಡ್, ಜಾಂಡೀಸ್, ಆಸ್ತಮಾ, ಡಯಾಬಿಟಿಸ್, ಆರ್ಥ್ರೈಟಿಸ್, ಟಿಬಿ. ಬರೆಯುತ್ತಾ ಹೋದ ಹಾಗೆ ಏನೋ ಕಂಡಿತು. ಎಡಗಡೆ ಇರುವುದೆಲ್ಲ ರೋಗಿ ಬಾಗಿಲಲ್ಲಿ ನಿಂತು ಹೇಳುವ ಮಾತು. ಬಲಗಡೆ ಇರುವುದೆಲ್ಲ ಡಾಕ್ಟರು ಚೀಟಿಯಲ್ಲಿ ಬರೆಯುವ ಮಾತು. ತಲೆನೋವು ನನಗೇ ಗೊತ್ತಾಗುತ್ತೆ. ಇವತ್ತು ಬಂತು, ನಾಳೆ ಹೋಯ್ತು. ಅದಕ್ಕೊಂದು ಶುರು ಇದೆ, ಕೊನೆ ಇದೆ. ಹಾಗಾಗಿ ಎಣಿಸಬಹುದು. ಟೈಫಾಯ್ಡ್ ನನಗೆ ಗೊತ್ತಾಗಲ್ಲ. ಯಾರೋ ಪರೀಕ್ಷೆ ಮಾಡಿ ಹೇಳಬೇಕು. ಅದು ಒಂದು ಹೆಸರು. ನನ್ನ ಮೈಯಲ್ಲೂ ಅದೇ ಟೈಫಾಯ್ಡ್, ಪಕ್ಕದ ಮನೆಯವರ ಮೈಯಲ್ಲೂ ಅದೇ ಟೈಫಾಯ್ಡ್. ನೀರಿದ್ದ ಹಾಗೆ. ಬಿಂದಿಗೆಯಲ್ಲೂ ನೀರೇ, ಲೋಟದಲ್ಲೂ ನೀರೇ.

ನೀರನ್ನ ಎಣಿಸಬೇಕಾದರೆ ಲೋಟ ಬೇಕು. ಇಂಗ್ಲಿಷಿನವರು ಕಾಯಿಲೆಗೂ ಲೋಟ ಇಟ್ಟಿದ್ದಾರೆ. ಎ ಕೇಸ್ ಆಫ್ ಮಲೇರಿಯಾ, ಎ ಬೌಟ್ ಆಫ್ ಫ್ಲೂ, ಆ್ಯನ್ ಅಟ್ಯಾಕ್ ಆಫ್ ಆಸ್ತಮಾ. ಎಣಿಕೆಗೆ ಸಿಗುವುದು ಕೇಸು, ಬೌಟು, ಅಟ್ಯಾಕು. ಒಳಗಿರುವ ಕಾಯಿಲೆ ಹಾಗೇ ಇರುತ್ತೆ.

ಈ ಗೆರೆಗೆ ಒಗ್ಗದವು ಬೇಕಾದಷ್ಟಿವೆ, ಅದನ್ನೂ ಹೇಳಿಬಿಡುತ್ತೇನೆ. ಡಯರಿಯಾ ರೋಗಿಯೇ ಹೇಳುವ ಮಾತು, ಆದರೂ ಎ ಬರಲ್ಲ. ಹಲ್ಲು ನೋವಿಗೆ ಅಮೆರಿಕದವರು ಎ ಟೂಥೇಕ್ ಅಂತಾರೆ, ಬ್ರಿಟನ್ನಿನವರು ಬರೀ ಟೂಥೇಕ್ ಅಂತಲೂ ಹೇಳುತ್ತಾರೆ. ಹೆಡೇಕಿಗೆ ಮಾತ್ರ ಇಬ್ಬರೂ ಎ ಹಾಕುತ್ತಾರೆ. ಫ್ಲೂಗೆ ಕೆಲವರು ದಿ ಹಾಕುತ್ತಾರೆ, ಕೆಲವರು ಏನೂ ಹಾಕಲ್ಲ. ಕ್ಯಾನ್ಸರಿಗೆ ಎ ಇಲ್ಲ, ಆದರೆ ಒಂದು ಗಡ್ಡೆಯನ್ನೋ ಒಂದು ಬಗೆಯನ್ನೋ ತೋರಿಸಿ ಹೇಳುವಾಗ ಎ ಕ್ಯಾನ್ಸರ್ ಅಂತ ಬರುತ್ತೆ. ಕೈಗೆ ಸಿಗುವ, ಸ್ಕ್ಯಾನಿನಲ್ಲಿ ಕಾಣುವ ವಸ್ತುಗಳಿಗೆ ಡಾಕ್ಟರ ಬಾಯಲ್ಲೂ ಎ ಇದೆ: ಎ ಟ್ಯೂಮರ್, ಆ್ಯನ್ ಅಲ್ಸರ್, ಎ ಕಿಡ್ನಿ ಸ್ಟೋನ್. ಕಲ್ಲನ್ನ ಎಣಿಸದೆ ಇರೋಕಾಗುತ್ತಾ?

ಕೊನೆಯಲ್ಲಿ ಎಸ್ ಇರುವ ಕಾಯಿಲೆಗಳು ಇನ್ನೊಂದು ತೊಡಕು. ಡಯಾಬಿಟಿಸ್, ಮೀಸಲ್ಸ್, ಮಂಪ್ಸ್, ರೇಬೀಸ್. ಎಸ್ ನೋಡಿ ನನ್ನ ಮಕ್ಕಳು ‘ಆರ್’ ಅಂತ ಬರೆಯುತ್ತಾರೆ. ಎಲ್ಲಕ್ಕೂ ‘ಈಸ್’ ಬರೆಯಬೇಕು. ಡಯಾಬಿಟಿಸ್ ಗ್ರೀಕ್ ಮೂಲದ ಮಾತು, ‘ಹಾದುಹೋಗುವುದು’ ಅನ್ನೋ ಅರ್ಥದ್ದು. ಕುಡಿದ ನೀರೆಲ್ಲ ಮೈಯಿಂದ ಹಾಗೇ ಹಾದು ಹೋಗುತ್ತಲ್ಲ, ಅದಕ್ಕೆ. ರೇಬೀಸ್ ಲ್ಯಾಟಿನ್, ಹುಚ್ಚು ಅಂತ ಅರ್ಥ. ಆ ಎಸ್‌ಗಳಿಗೂ ಬಹುವಚನಕ್ಕೂ ಸಂಬಂಧ ಇಲ್ಲ. ಆದರೆ ಮೀಸಲ್ಸ್, ಅಂದರೆ ನಮ್ಮ ದಡಾರ, ಅದರಲ್ಲಿ ಎಸ್ ನಿಜವಾಗಿ ಬಹುವಚನವೇ ಆಗಿತ್ತು. ಮೈಮೇಲೆದ್ದ ಚುಕ್ಕೆಗಳ ಬಹುವಚನ. ಸ್ಮಾಲ್‌ಪಾಕ್ಸಿನ ಪಾಕ್ಸ್ ಕೂಡ ಹಾಗೇ. ಪಾಕ್ ಅಂದರೆ ಒಂದು ಬೊಕ್ಕೆ. ಬೊಕ್ಕೆಗಳೆಲ್ಲ ಸೇರಿ ಪಾಕ್ಸ್ ಆಗಿ, ಆಮೇಲೆ ಅದೇ ಒಂದು ಕಾಯಿಲೆಯ ಹೆಸರಾಯಿತು. ಎಣಿಸುತ್ತಿದ್ದ ಪದ ಎಣಿಕೆ ಬಿಟ್ಟಿತು.

ಸಿಡುಬು ಅಂದ ಕೂಡಲೇ ನನಗೆ ನಮ್ಮಜ್ಜಿ ನೆನಪಾಗುತ್ತಾರೆ. ಅವರು ಸಿಡುಬು ಅನ್ನೋ ಮಾತನ್ನೇ ಆಡುತ್ತಿರಲಿಲ್ಲ. ‘ಅಮ್ಮ ಬಂದವ್ಳೆ’ ಅನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆ ನಿಲ್ಲಿಸಿ, ದನಿ ತಗ್ಗಿಸಿ ಮಾತಾಡುತ್ತಿದ್ದರಂತೆ. ಸಿಡುಬು ಲೋಕದಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಆಮೇಲೂ ಚಿಕನ್‌ಪಾಕ್ಸಿಗೆ ನಮ್ಮೂರಲ್ಲಿ ‘ಅಮ್ಮ’ ಅನ್ನೋದು ನಿಂತಿಲ್ಲ.

ಇದನ್ನ ಯಾಕೆ ಹೇಳಿದೆ ಅಂದರೆ, ನಮ್ಮ ಭಾಷೆಯೂ ಎಣಿಕೆಯಲ್ಲಿ ಒಂದು ಗೆರೆ ಎಳೆಯುತ್ತೆ, ಆದರೆ ಬೇರೆ ಜಾಗದಲ್ಲಿ. ಎರಡು ಮಾತ್ರೆ ನುಂಗಿದೆ ಅಂತೀವಿ. ಮಾತಿನಲ್ಲಿ ಯಾರೂ ಎರಡು ಮಾತ್ರೆಗಳು ಅನ್ನಲ್ಲ. ಮೂರು ಇಂಜೆಕ್ಷನ್, ನಾಲ್ಕು ಮೂಟೆ ಕಾಫಿ, ಹತ್ತು ರೂಪಾಯಿ. ‘ಗಳು’ ಬೇಕಾಗಿಲ್ಲ. ಆದರೆ ಎರಡು ಡಾಕ್ಟರು ಅಂದರೆ ಕಿವಿಗೆ ಚುಚ್ಚುತ್ತೆ. ಇಬ್ಬರು ಡಾಕ್ಟರು, ಮೂವರು ನರ್ಸು, ನಾಲ್ಕು ಜನ. (ಮಕ್ಕಳನ್ನ ಮಾತ್ರ ಎರಡು ಮಕ್ಕಳು ಅಂತಲೂ ಅಂತೀವಿ. ಮಕ್ಕಳಿಗೆ ಎಲ್ಲದರಲ್ಲೂ ರಿಯಾಯಿತಿ.) ಕನ್ನಡ ಕೇಳುವುದು, ಇದು ಮನುಷ್ಯರಾ, ಅಲ್ವಾ ಅಂತ. ಇಂಗ್ಲಿಷ್ ಕೇಳುವುದು, ಇದು ಬಿಡಿಬಿಡಿಯಾ, ಅಲ್ವಾ ಅಂತ. ನಮ್ಮ ಮಕ್ಕಳು ಎ ಮರೆತರೆ ಅದು ದಡ್ಡತನ ಅಲ್ಲ. ಹುಟ್ಟಿದಾಗಿನಿಂದ ಅವರ ಕಿವಿ ಬೇರೆ ಗೆರೆಗೆ ಹೊಂದಿಕೊಂಡಿದೆ. ಸಿಡುಬು ಆ ಕನ್ನಡದ ಗೆರೆಯನ್ನೂ ದಾಟಿ ಹೋಗಿತ್ತು. ವಸ್ತುವಿನ ಕಡೆಯಿಂದ ಎದ್ದು ಮನುಷ್ಯರ ಕಡೆಗೆ, ಅಲ್ಲಿಂದ ದೇವರ ಕಡೆಗೆ. ಅದಕ್ಕೇ ಕ್ರಿಯಾಪದವೂ ಬದಲಾಯಿತು. ಜ್ವರ ಬಂದದೆ, ಅಮ್ಮ ಬಂದವ್ಳೆ.

ಹಾಗಾದರೆ ಕನ್ನಡದಲ್ಲಿ ನೆಗಡಿಗೂ ಡಯಾಬಿಟಿಸ್‌ಗೂ ವ್ಯತ್ಯಾಸವೇ ಇಲ್ವಾ? ಇದೆ. ಕ್ರಿಯಾಪದದಲ್ಲಿ ಇದೆ. ಜ್ವರ ಬರುತ್ತೆ. ನೆಗಡಿ ಆಗುತ್ತೆ. ಗಂಧೆ ಏಳುತ್ತೆ. ಸೊಂಟ ಹಿಡಿದುಕೊಳ್ಳುತ್ತೆ. ಕಣ್ಣು ಬರುತ್ತೆ. ‘ಮಗೂಗೆ ಕಣ್ಣು ಬಂದಿದೆ’ ಅನ್ನೋದನ್ನ ಹೊರಗಿನವರಿಗೆ ವಿವರಿಸೋದು ಎಷ್ಟು ಕಷ್ಟ ನೋಡಿ. ಲಕ್ವ ಹೊಡೆಯುತ್ತೆ. ಇಂಗ್ಲಿಷಿನಲ್ಲೂ ಎ ಸ್ಟ್ರೋಕ್ ಅಂದರೆ ಒಂದು ಹೊಡೆತ ಅಂತಲೇ ಅರ್ಥ. ಎಲ್ಲೆಲ್ಲಿಯ ಜನ, ಒಂದೇ ರೀತಿ ಕಂಡಿದ್ದಾರೆ. ಆದರೆ ಶುಗರ್ ಬರಲ್ಲ, ಬಂದಿದ್ದು ಯಾರಿಗೂ ಕಾಣಲ್ಲ. ಶುಗರ್ ಇದೆ. ಬಿಪಿ ಇದೆ. ಉಬ್ಬಸ ಇದೆ. ಬರುವುದು, ಆಗುವುದು, ಏಳುವುದು, ಹೊಡೆಯುವುದು ಒಂದು ಕಡೆ. ಇರುವುದು ಇನ್ನೊಂದು ಕಡೆ.

ಮಾರನೆಯ ದಿನ ಕ್ಲಾಸಿನಲ್ಲಿ ಇದನ್ನೇ ಹೇಳಿದೆ. ಇಂಗ್ಲಿಷ್ ಬಾಯಿಗೆ ಬರುವ ಮೊದಲು ಕನ್ನಡದಲ್ಲಿ ಕೇಳಿಕೊಳ್ಳಿ, ಇದು ಬಂತಾ, ಇದೆಯಾ ಅಂತ. ಬಂದು ಹೋಗೋದಾದರೆ ಎ ಇರಬಹುದು. ಇರೋದಾದರೆ ಎ ಇರಲ್ಲ. ಕೂಡಲೇ ಚಿಕ್ಕಮಗಳೂರಿನ ಕೊಪ್ಪದ ಕಡೆಯ ಹುಡುಗಿ ಕೈ ಎತ್ತಿದಳು. ‘ನಮ್ ಕಡೆ ಮಂಗನ ಕಾಯಿಲೆ ಬರುತ್ತೆ ಮೇಡಂ. ಬರುತ್ತೆ, ಹೋಗುತ್ತೆ. ಎ ಹಾಕಬೇಕಾ?’

ಒಳ್ಳೆಯ ಪ್ರಶ್ನೆ. ಅವಳ ಊರಿನ ಕಾಡಂಚಿನಲ್ಲಿ ಆ ಕಾಯಿಲೆ ಹರಡುವ ಉಣುಗಿನ ಭಯ ನಿಜವಾದದ್ದು. ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಜಗತ್ತಿನ ವೈದ್ಯರೆಲ್ಲ ಅದನ್ನ ನಮ್ಮ ಮಲೆನಾಡಿನ ಕಾಡಿನ ಹೆಸರಿನಿಂದಲೇ ಕರೆಯುತ್ತಾರೆ. ಕ್ಯಾಸನೂರ್ ಫಾರೆಸ್ಟ್ ಡಿಸೀಸ್. ಎ ಇಲ್ಲ. ಡಿಸೀಸ್ ಅನ್ನೋದು ಒಂಟಿಯಾಗಿದ್ದಾಗ ಎಣಿಸಬಹುದಾದ ಪದ. ಎ ಡಿಸೀಸ್, ಟೂ ಡಿಸೀಸಸ್. ಆದರೆ ಹೆಸರಿನ ಬಾಲವಾಗಿ ಸೇರಿಕೊಂಡಾಗ ಎ ಬಿದ್ದುಹೋಗುತ್ತೆ. ಫೀವರ್ ಕೂಡ ಹಾಗೇ. ಎ ಫೀವರ್ ಅಂದರೆ ಬರೀ ಜ್ವರ, ಡೆಂಗ್ಯೂ ಫೀವರ್ ಅಂದ ಕೂಡಲೇ ಹೆಸರು. ಆ ಹುಡುಗಿಯಿಂದಾಗಿ ನನ್ನ ಸೂತ್ರಕ್ಕೆ ಎರಡನೇ ಸಾಲು ಸೇರಿತು. ಮೊದಲು ಕೇಳಬೇಕಾದ್ದು ಇದು ರೋಗಿಯ ಮಾತಾ, ಡಾಕ್ಟರ ಹೆಸರಾ ಅಂತ. ಆಮೇಲೆ ಬಂತಾ, ಇದೆಯಾ.

ಮಲೇರಿಯಾ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದು ಇಟಾಲಿಯನ್ ಮಾತು, ಕೆಟ್ಟ ಗಾಳಿ ಅಂತ. ಜೌಗು ನೆಲದ ಗಾಳಿಯಿಂದ ಜ್ವರ ಬರುತ್ತೆ ಅಂತ ನಂಬಿದ್ದ ಕಾಲದ ಹೆಸರು. ಅದು ಸೊಳ್ಳೆಯಿಂದ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ 1897ರಲ್ಲಿ ಕಂಡುಕೊಂಡ. ಸೊಳ್ಳೆ ಎಣಿಕೆಗೆ ಸಿಗುತ್ತೆ, ಗಾಳಿ ಸಿಗಲ್ಲ. ಆದರೆ ಹೆಸರು ಗಾಳಿಯದ್ದೇ ಉಳಿಯಿತು.

ಆ ಜೂನ್, ಜುಲೈ ತಿಂಗಳು ಹಾಸನದವರಿಗೆ ಮರೆಯೋಕಾಗಲ್ಲ. ಟಿವಿ ಹಾಕಿದರೆ ಹಾರ್ಟ್ ಅಟ್ಯಾಕ್, ಪೇಪರ್ ತೆಗೆದರೆ ಹಾರ್ಟ್ ಅಟ್ಯಾಕ್. ‘ಹಾಸನದಲ್ಲಿ ಮತ್ತೊಂದು’ ಅಂತ ದಿನವೂ ಎಣಿಕೆ. ಅದರಲ್ಲೂ ಚಿಕ್ಕ ವಯಸ್ಸಿನವರ ಸುದ್ದಿ ಬಂದಾಗ ಎದೆ ಝಲ್ಲೆನ್ನುತ್ತಿತ್ತು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ನಮ್ಮ ಕ್ಲಾಸಿನ ಮಕ್ಕಳೆಲ್ಲ ಆಸ್ಪತ್ರೆಗಳಲ್ಲೇ ಕೆಲಸ ಮಾಡುವವರು. ಇಸಿಜಿಗೆ ಬಂದವರ ಸಾಲು ಹೇಳಿ ಹೇಳಿ ಸುಸ್ತಾಗುತ್ತಿದ್ದರು.

ಆಗ ನನ್ನ ತಲೆಯಲ್ಲಿ ಅದೇ ಎರಡು ಪಟ್ಟಿಯ ಹಾಳೆ ಇತ್ತು. ಎ ಹಾರ್ಟ್ ಅಟ್ಯಾಕ್. ಎಣಿಸಬಹುದು. ಒಂದು, ಎರಡು, ಮೂರು. ಅದು ಒಂದು ಗಳಿಗೆಯಲ್ಲಿ ಹೊಡೆಯುತ್ತೆ, ಕಣ್ಣಿಗೆ ಕಾಣುತ್ತೆ, ಸುದ್ದಿಯಾಗುತ್ತೆ. ಆದರೆ ಬಹಳ ಸಲ ಅದರ ಹಿಂದೆ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದದ್ದು ಯಾವುದು? ಡಯಾಬಿಟಿಸ್. ಹೈ ಬ್ಲಡ್ ಪ್ರೆಶರ್. ರಕ್ತದಲ್ಲಿ ಸೇರಿದ ಕೊಬ್ಬು. ಹೊಗೆ. ಇವು ಯಾವುದಕ್ಕೂ ಎ ಇಲ್ಲ. ಇವತ್ತು ಹಾಸನದಲ್ಲಿ ಮತ್ತೊಂದು ಬಿಪಿ ಅಂತ ಯಾವ ಪೇಪರೂ ಬರೆಯಲ್ಲ. ಅದು ಇದ್ದೇ ಇದೆ. ಇರುವುದನ್ನ ಯಾರು ಎಣಿಸುತ್ತಾರೆ?

ಬಿಪಿ ಇದೆ ಅಂತೀವಲ್ಲ, ಅದನ್ನೂ ನನ್ನ ಮಕ್ಕಳು ಹಾಗೇ ಇಂಗ್ಲಿಷಿಗೆ ತರುತ್ತಾರೆ. ‘ಶಿ ಹ್ಯಾಸ್ ಬ್ಲಡ್ ಪ್ರೆಶರ್.’ ಬದುಕಿರುವವರಿಗೆಲ್ಲ ಬ್ಲಡ್ ಪ್ರೆಶರ್ ಇರುತ್ತೆ. ಹೈ ಅನ್ನೋ ಪದ ಸೇರಿಸಲೇಬೇಕು. ಶುಗರ್ ಕೂಡ ಹಾಗೇ. ಇದು ಒಇಟಿ ಪತ್ರದಲ್ಲಿ ಬಂದರೆ ನಾನು ಕೆಂಪು ಇಂಕಿನಲ್ಲಿ ಎರಡು ಗೆರೆ ಹಾಕುತ್ತೇನೆ.

ಈಗ ಅಮ್ಮನ ವಿಷಯ. ಈ ಬರಹ ಬರೆಯಬೇಕು ಅನ್ನಿಸಿದ್ದೇ ಅದರಿಂದ.

ಅಮ್ಮ ಇರುವುದು ಸಕಲೇಶಪುರದ ಕಡೆ, ಹಾನುಬಾಳಿನ ಆಚೆ. ನಾಲ್ಕು ಎಕರೆ ಕಾಫಿ ತೋಟ, ಹಳೇ ಹೆಂಚಿನ ಮನೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೂ ಗೋಡೆ ಬೆವರುತ್ತೆ. ಬಟ್ಟೆ ಒಣಗಲ್ಲ, ಬೂಸಲು ಹಿಡಿಯುತ್ತೆ. ಸೌದೆ ಹಸಿ, ಒಲೆ ತುಂಬ ಹೊಗೆ. ಗ್ಯಾಸ್ ಇದೆ, ಆದರೆ ಸ್ನಾನದ ನೀರು, ಹಂದಿ ಸಾರು, ಮುದ್ದೆ ಎಲ್ಲ ಒಲೆ ಮೇಲೇ ಆಗಬೇಕು ಅವರಿಗೆ. ವಾರಕ್ಕೆರಡು ಸಲ ಫೋನ್ ಮಾಡುತ್ತೇನೆ. ಆಗಸ್ಟಿನಲ್ಲಿ ಒಂದು ದಿನ ಮಾತಿನ ನಡುವೆ ಅವರು ಹೇಳಿದರು.

‘ಮತ್ತೆ ಕೆಮ್ಮು ಬಂದದೆ ಕಣೆ. ಹೋಯ್ತದೆ ಬುಡು.’

ಎಷ್ಟೋ ವರ್ಷದಿಂದ ಈ ಮಾತನ್ನ ಕೇಳಿದ್ದೇನೆ. ಮಳೆಗಾಲಕ್ಕೊಂದು ಕೆಮ್ಮು, ಕಾಫಿ ಕುಯ್ಲಿಗೊಂದು ಕೆಮ್ಮು, ದೀಪಾವಳಿ ಪಟಾಕಿಗೊಂದು. ಪ್ರತಿ ಸಲವೂ ಒಂದು ಬಾಟಲಿ ಸಿರಪ್ಪು. ಪ್ರತಿ ಸಲವೂ ಶುಂಠಿ, ಕಾಳುಮೆಣಸು, ಬೆಲ್ಲ ಹಾಕಿದ ಕಷಾಯ. ನಾಲ್ಕು ದಿನಕ್ಕೆ ಸ್ವಲ್ಪ ಕಡಿಮೆ. ನಾವೆಲ್ಲ ಅದನ್ನ ಬಿಡಿಬಿಡಿಯಾಗಿ ಎಣಿಸಿಕೊಂಡೇ ಬಂದಿದ್ದೆವು. ಎ ಕಾಫ್, ಅನದರ್ ಕಾಫ್, ಅನದರ್ ಕಾಫ್. ಅವತ್ತು ಯಾಕೋ ನನ್ನ ಬಾಯಿಂದ ಬೇರೆ ಪ್ರಶ್ನೆ ಬಂತು.

‘ಅಮ್ಮಾ, ಹೋದ ಸಲದ ಕೆಮ್ಮು ಪೂರ್ತಿ ಹೋಗಿತ್ತಾ?’

ಆ ಕಡೆ ಮಾತಿಲ್ಲ. ಮಳೆ ಸದ್ದು ಮಾತ್ರ. ಆಮೇಲೆ ಮೆಲ್ಲಗೆ ಅಂದರು. ‘ಪೂರ್ತಿ ಅಂದ್ರೆ... ರಾತ್ರಿ ಹೊತ್ತು ಇದ್ದೇ ಇರ್ತದೆ. ಬೆಳಗಿನ ಜಾವ ಎದ್ದು ಕೂತ್ಕತೀನಿ. ಅದೇನು ಕೆಮ್ಮಲ್ಲ ಬುಡು.’

ಇರ್ತದೆ. ಬಂದದೆ ಅಲ್ಲ, ಇರ್ತದೆ. ನನಗೆ ಫೋನ್ ಹಿಡಿದ ಕೈ ತಣ್ಣಗಾಯಿತು.

ಆ ವಾರವೇ ಹಾಸನಕ್ಕೆ ಕರೆದುಕೊಂಡು ಬಂದೆ. ಎದೆ ಡಾಕ್ಟರು ಕೊಳವೆಯೊಳಗೆ ಊದಿಸಿದರು. ಔಷಧಿ ಎಳೆಸಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸಿದರು. ಅವರು ಅಮ್ಮನನ್ನ ಕೇಳಿದ ಪ್ರಶ್ನೆಗಳನ್ನ ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಕೆಮ್ಮು ಎಷ್ಟು ಸಲ ಬಂತು ಅಂತ ಅವರು ಕೇಳಲಿಲ್ಲ. ಮಧ್ಯದಲ್ಲಿ ಹೇಗಿರ್ತೀರ ತಾಯಿ? ರಾತ್ರಿ ಎಚ್ಚರ ಆಗುತ್ತಾ? ದಿಣ್ಣೆ ಹತ್ತುವಾಗ ಸುಯ್ ಅಂತ ಸದ್ದು ಬರುತ್ತಾ? ಹೊಗೆ, ಧೂಳಿಗೆ ಜಾಸ್ತಿ ಆಗುತ್ತಾ? ಪ್ರತಿಯೊಂದಕ್ಕೂ ಅಮ್ಮ ತಲೆಯಾಡಿಸಿದರು. ಕೊನೆಗೆ ಚೀಟಿಯಲ್ಲಿ ಒಂದೇ ಪದ ಬರೆದರು. ಆಸ್ತಮಾ.

ಡಾಕ್ಟರು ಕಾಗದದ ಮೇಲೆ ಎರಡು ಕೊಳವೆಯ ಚಿತ್ರ ಬರೆದು ತೋರಿಸಿದರು. ಕೆ‌ಮ್ಮು ಇಲ್ಲದ ದಿನವೂ ಉಸಿರಿನ ಕೊಳವೆಯ ಒಳಗೋಡೆ ಊದಿಕೊಂಡೇ ಇರುತ್ತೆ. ಹೊಗೆಯೋ ಥಂಡಿಯೋ ತಾಗಿದಾಗ ಇನ್ನೂ ಬಿಗಿಯುತ್ತೆ, ಆಗ ಕೆಮ್ಮು ಬರುತ್ತೆ. ನಮಗೆ ಕಾಣುವುದು ಅದೊಂದೇ. ನಾವು ಹತ್ತಾರು ಕೆಮ್ಮು ಅಂದುಕೊಂಡಿದ್ದೆಲ್ಲ ಒಂದೇ ಆಸ್ತಮಾ ಆಗಿತ್ತು. ಒಂದೇ ಅಂತ ಹೇಳುವುದೂ ತಪ್ಪು, ಅದಕ್ಕೆ ಎ ಇಲ್ಲ. ಆಸ್ತಮಾ ಇತ್ತು, ಅಷ್ಟೇ.

ಕಾರಿನಲ್ಲಿ ವಾಪಸ್ ಬರುವಾಗ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ‘ಉಬ್ಸ ಅಂತಾ?’ ಅಂದರು ಕೊನೆಗೆ. ಆ ಪದವನ್ನ ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಉಬ್ಬಸ ಅಂದರೆ ದೊಡ್ಡ ಮಾತು. ಉಬ್ಬಸದ ಮನೆ ಅಂತ ಹೆಸರು ಬೀಳುತ್ತೆ, ಹೆಣ್ಣು ಕೇಳೋಕೆ ಬಂದವರು ಹಿಂದೆ ಸರಿಯುತ್ತಾರೆ ಅನ್ನೋ ಹಳೇ ಭಯ. ಕೆಮ್ಮು ಅಂದರೆ ಭಯ ಇಲ್ಲ. ಅದು ಬರುತ್ತೆ, ಹೋಗುತ್ತೆ. ಎಣಿಸಬಹುದಾದ ಮಾತಿನಲ್ಲಿ ಒಂದು ಸಮಾಧಾನ ಇದೆ, ಅದು ಮುಗಿಯುತ್ತೆ ಅನ್ನೋ ಸಮಾಧಾನ. ಅಮ್ಮ ಇಷ್ಟು ವರ್ಷ ಕೆಮ್ಮು ಎಣಿಸಿದ್ದು ತಿಳಿಯದೆ ಅಲ್ಲ ಅಂತ ನನಗೆ ಆಗ ಅನ್ನಿಸಿತು. ಆ ಇನ್ನೊಂದು ಪದದ ಹತ್ತಿರ ಹೋಗಬಾರದು ಅಂತ ಎಣಿಸಿದ್ದರು. ನಾವೂ ಜೊತೆಗೆ ಎಣಿಸಿದೆವು. ಹದಿನೈದು ವರ್ಷ ಬೆಳಗಿನ ಜಾವ ಕತ್ತಲೆಯಲ್ಲಿ ಒಬ್ಬರೇ ಎದ್ದು ಕೂತಿದ್ದಾರೆ. ನಾನು ಪಕ್ಕದ ಕೋಣೆಯಲ್ಲೇ ಎಷ್ಟೋ ದಿನ ಮಲಗಿದ್ದೆ.

ಇನ್‌ಹೇಲರ್ ನೋಡಿ ಅವರಿಗೆ ಇನ್ನೂ ಭಯ. ‘ಪಂಪು ಕೊಟ್ರೆ ಕೊನೇ ಹಂತ ಅಂತಾರಲ್ಲ?’ ಅಂದರು. ಅಭ್ಯಾಸ ಆಗಿಬಿಡುತ್ತೆ ಅಂತ ಪಕ್ಕದ ತೋಟದವರು ಬೇರೆ ಹೇಳಿದ್ದರು. ಎರಡೂ ನಿಜ ಅಲ್ಲ. ಔಷಧಿ ಹೊಟ್ಟೆಗೆ ಹೋಗಿ ಮೈಯೆಲ್ಲ ಸುತ್ತುವ ಬದಲು ನೇರ ಶ್ವಾಸಕೋಶಕ್ಕೆ ಹೋಗುತ್ತೆ, ಹಾಗಾಗಿ ಕಡಿಮೆ ಪ್ರಮಾಣ ಸಾಕು. ಅಮ್ಮನಿಗೆ ಎರಡು ಕೊಟ್ಟಿದ್ದರು. ಒಂದು ದಿನಾ ತಗೊಳ್ಳೋದು, ಕೆಮ್ಮು ಇರಲಿ ಬಿಡಲಿ. ಇನ್ನೊಂದು ಉಸಿರು ಕಟ್ಟಿದಾಗ. ಈ ‘ಕೆಮ್ಮು ಇರಲಿ ಬಿಡಲಿ’ ಅನ್ನೋದನ್ನ ಒಪ್ಪಿಸೋದಕ್ಕೆ ಬಹಳ ಕಷ್ಟಪಟ್ಟೆ. ಕೆಮ್ಮು ಬಂದಿಲ್ಲವಲ್ಲ, ಯಾಕೆ ತಗೊಳ್ಳಲಿ ಅಂತ ಅವರ ವಾದ. ಎಣಿಕೆಯ ಕಾಯಿಲೆಗೆ ಎಣಿಕೆಯ ಔಷಧಿ. ಬಂದಾಗ ತಗೊಳ್ಳೋದು, ಹೋದಾಗ ನಿಲ್ಲಿಸೋದು. ಬಿಪಿ ಮಾತ್ರೆ ಮಧ್ಯದಲ್ಲಿ ಬಿಡುವವರೂ ಹೀಗೇ ಯೋಚಿಸುತ್ತಾರೆ ಅಲ್ವಾ? ತಲೆ ಸುತ್ತು ಹೋಯ್ತಲ್ಲ, ಇನ್ನೇಕೆ ಅಂತ.

ಅದಕ್ಕೇ ಈಗ ನನ್ನ ಕ್ಲಾಸಿನಲ್ಲಿ ಈ ಪಾಠಕ್ಕೆ ಅರ್ಧ ಗಂಟೆ ಅಲ್ಲ, ಮೂರು ಸಂಜೆ ಇಟ್ಟಿದ್ದೇನೆ. ರೋಗಿಯ ಪಾತ್ರ ಮಾಡುವವಳು ಎ ಕಾಫ್ ಅಂದರೆ ನರ್ಸಾದವಳು ಅಲ್ಲಿಗೇ ಬರೆದು ಮುಗಿಸಬಾರದು. ಹಿಂದೆ ಬಂದಿತ್ತಾ, ನಡುವೆ ಪೂರ್ತಿ ಹೋಗಿತ್ತಾ ಅಂತ ಕೇಳಬೇಕು. ನೋವಿನ ಬಗ್ಗೆಯೂ ಹಾಗೇ. ‘ಐ ಹ್ಯಾವ್ ಎ ಪೇನ್ ಇನ್ ಮೈ ಚೆಸ್ಟ್’ ಅಂದರೆ ಇಂಥಾ ಜಾಗದಲ್ಲಿ, ಇಂಥಾ ಒಂದು ನೋವು, ಬೆರಳಿಟ್ಟು ತೋರಿಸಬಹುದು. ‘ಐ ಆಮ್ ಇನ್ ಪೇನ್’ ಅಂದರೆ ನೋವಿನ ಒಳಗೇ ಮುಳುಗಿದ್ದೀನಿ ಅಂತ. ಎರಡಕ್ಕೂ ನರ್ಸು ಓಡಬೇಕು, ಆದರೆ ಕೇಳುವ ಮೊದಲ ಪ್ರಶ್ನೆ ಬೇರೆ. ಕನ್ನಡದಲ್ಲಿ ಚಳುಕು, ಸೆಳೆತ, ಉರಿ, ಹಿಂಡು, ಜೋಮು ಅಂತ ನಮಗೆ ಎಷ್ಟೊಂದು ಮಾತಿದೆ. ಮಕ್ಕಳಿಗೆ ಅವನ್ನೆಲ್ಲ ಹಲಗೆ ಮೇಲೆ ಬರೆಸುತ್ತೇನೆ. ಆಮೇಲೆ ಇಂಗ್ಲಿಷ್.

ಹಾಸನಾಂಬೆ ಬಾಗಿಲು ತೆಗೆದಾಗ ಅಮ್ಮ ದರ್ಶನಕ್ಕೆ ಬಂದಿದ್ದರು. ಸಾಲಿನಲ್ಲಿ ನಾಲ್ಕು ಗಂಟೆ ನಿಂತರು. ಕೈಚೀಲದಲ್ಲಿ ಹಣ್ಣುಕಾಯಿ ಜೊತೆ ಇನ್‌ಹೇಲರ್ ಇತ್ತು, ತೆಗೆಯಬೇಕಾಗಲಿಲ್ಲ. ಅದು ಖಾಲಿಯಾಗುವ ಹೊತ್ತಿಗೆ ಕಾಫಿ ಕುಯ್ಲು ಶುರುವಾಗಿತ್ತು. ಸಕಲೇಶಪುರದ ಮೆಡಿಕಲ್ ಸ್ಟೋರಿಗೆ ಇಬ್ಬರೂ ಹೋದೆವು. ನಾನು ಚೀಟಿ ಕೊಟ್ಟೆ. ಅಂಗಡಿ ಹುಡುಗ ನನ್ನ ಮುಖ ನೋಡಿ ‘ಯಾರಿಗಕ್ಕಾ?’ ಅಂದ. ಪಕ್ಕದಲ್ಲಿ ನಮ್ಮೂರಿನ ಇಬ್ಬರು ಹೆಂಗಸರು ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಸೆರಗು ಸರಿ ಮಾಡಿಕೊಂಡು ಮುಂದೆ ಬಂದರು.

‘ನಂಗೆ ಕಣಪ್ಪ. ಉಬ್ಸ ಅದೆ.’